ಒಳಗಿನ ಖೋಲಿಯ ಬೆಕ್ಕು



ಧಮ್ಮ ಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಪಾಳಿ ನನ್ನದು. ಹೋದ ಸಲ ನನ್ನ ಪಾಳಿ ಬಂದಾಗ ಸಮ್ಯಕ್ ವಾಚೆಯ ಬಗ್ಗೆ ಬರೆದಿದ್ದೆ. ಚಲೋ ಬರೆದೀರಿ ಅಂತ ಬಹಳ ಮಂದಿ ಕೈ ಮುಗಿಯುವ ಚಿಹ್ನೆ ಹಾಕಿದ್ದಿರಿ. ಅದನ್ನು ಬರೆಯುವ ಹೊತ್ತಿನಲ್ಲಿ ನಾನು ಮನೆಯಲ್ಲಿ ಒಂದು ಬೆಕ್ಕನ್ನು ಮುಚ್ಚಿಟ್ಟುಕೊಂಡಿದ್ದೆ. ಆ ಸಂಗತಿ ಇವತ್ತು ಹೇಳುತ್ತೇನೆ.

ನನ್ನ ತವರು ಮಸರಕಲ್. ನೌಕರಿ ರಾಯಚೂರಿನಲ್ಲಿ. ನಮ್ಮ ಮನೆಯವರು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್. ಮಗಳು ಏಳನೆಯ ತರಗತಿ. ಹೋದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಬಾಡಿಗೆ ಮನೆ ಹುಡುಕಿದೆವು. ನಿಮ್ಮಲ್ಲಿ ಮನೆ ಹುಡುಕಿದವರಿಗೆಲ್ಲ ಗೊತ್ತು, ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ಎಷ್ಟು ಮಂದಿ ಇರುತ್ತೀರಿ ಅಂತ ಕೇಳುತ್ತಾರೆ. ಆಮೇಲೆ ನೌಕರಿ ಏನು ಅಂತ. ಮೂರನೆಯದಕ್ಕೆ ಆ ಪ್ರಶ್ನೆ ಬರುತ್ತದೆ. ಕೆಲವರು ನೇರವಾಗಿ "ನೀವು ಯಾವ ಪೈಕಿರೀ?" ಅನ್ನುತ್ತಾರೆ. ಕೆಲವರು ಸುತ್ತಿ ಬಳಸಿ "ಮನ್ಯಾಗ ಅಡಿಗಿ ಏನೇನು ಮಾಡ್ತೀರಿ? ನಿಮ್ಮ ಮನಿದೇವರು ಯಾವುದು?" ಅಂತ ಕೇಳುತ್ತಾರೆ.

ಐದು ಮನೆಗಳಲ್ಲಿ ನಾವು ಇದ್ದದ್ದು ಇದ್ದ ಹಾಗೆ ಹೇಳಿದೆವು. ಒಂದು ಮನೆಯಲ್ಲಿ "ನಮ್ಮ ಅಳಿಯ ಬರ್ತಾನಂತ್ರೀ" ಅಂದರು. ಇನ್ನೊಂದರಲ್ಲಿ ಸುಣ್ಣ ಬಣ್ಣ ಆಗಬೇಕು ಅಂದರು. ಮತ್ತೊಬ್ಬರು ತೆಗೆದುಕೊಂಡ ಅಡ್ವಾನ್ಸನ್ನು ಮಾರನೆಯ ದಿನವೇ ವಾಪಸು ಕಳಿಸಿದರು. ಮೂರು ತಿಂಗಳಾದ ಮೇಲೂ ಆ ಮನೆಯ ಮುಂದೆ ಟು-ಲೆಟ್ ಬೋರ್ಡು ಹಾಗೇ ಇತ್ತು.

ಆರನೆಯ ಮನೆಯ ಮಾಲೀಕರು ಆ ಪ್ರಶ್ನೆ ಕೇಳಲಿಲ್ಲ. ನಾವೂ ಹೇಳಲಿಲ್ಲ. ಅವರು ಕೆಳಗೆ, ನಾವು ಮೇಲೆ. ಜುಲೈ ಒಂದರಿಂದ ಹನ್ನೊಂದು ತಿಂಗಳ ಅಗ್ರಿಮೆಂಟ್. ಸ್ಟಾಂಪ್ ಪೇಪರಿನಲ್ಲಿ ಎಂಟು ಷರತ್ತು ಟೈಪು ಮಾಡಿಸಿದ್ದರು. ಐದನೆಯದು, ಮನೆಯಲ್ಲಿ ಯಾವುದೇ ಪ್ರಾಣಿ ಪಕ್ಷಿ ಸಾಕಕೂಡದು ಅಂತ. ಕನ್ನಡ ಎಂ.ಎ. ಮಾಡಿದವಳಲ್ಲವೇ, ಒಂದೊಂದು ಅಕ್ಷರ ಓದಿ, ಒಂದು ಕಾಗುಣಿತದ ತಪ್ಪೂ ತೋರಿಸಿ, ಆಮೇಲೆ ಸಹಿ ಮಾಡಿದೆ. ಓದದೆ ಸಹಿ ಮಾಡಿದೆ ಅಂತ ಹೇಳುವ ದಾರಿ ನನಗಿಲ್ಲ.

ಸಾಮಾನು ಹೊಂದಿಸುವಾಗ ಬುದ್ಧನ ಮೂರ್ತಿಯನ್ನು ಹಾಲಿನಲ್ಲಿ ಟಿ.ವಿ. ಪಕ್ಕ ಇಟ್ಟೆವು. ಈಗ ಎಲ್ಲರ ಮನೆಯ ಹಾಲಿನಲ್ಲೂ ಒಬ್ಬ ಬುದ್ಧ ಇರುತ್ತಾನೆ, ಮೀನಿನ ಪೆಟ್ಟಿಗೆಯ ಪಕ್ಕವೋ ಪ್ಲಾಸ್ಟಿಕ್ ಹೂವಿನ ಪಕ್ಕವೋ. ನೋಡಿದವರು ಶೋಪೀಸ್ ಅಂದುಕೊಳ್ಳುತ್ತಾರೆ. ಬಾಬಾಸಾಹೇಬರ ಫೋಟೋ ಹಾಗಲ್ಲ. ಅದು ಮನೆಯವರ ಗುರುತು ಹೇಳುತ್ತದೆ. ಅದನ್ನು ಒಳಗಿನ ಖೋಲಿಯಲ್ಲಿ, ಮಗಳು ಓದುವ ಮೇಜಿನ ಮೇಲುಗಡೆ ಹಾಕಿದೆವು. ಯಾರೂ ನಮಗೆ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಮಾಡುವಾಗ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ದೊಡ್ಡ ಮಳೆ. ಟ್ಯೂಷನ್‌ನಿಂದ ಬಂದ ಮಗಳ ದುಪಟ್ಟಾದೊಳಗೆ ಒಂದು ಬೆಕ್ಕಿನ ಮರಿ. ಚರಂಡಿಯ ಬಾಯಿಗೆ ಸಿಕ್ಕಿಕೊಂಡು ಕೂಗುತ್ತಿತ್ತಂತೆ. ಅಂಗೈಯಷ್ಟಿತ್ತು, ಕಣ್ಣಿನಲ್ಲಿ ಪಿಸುರು. ಒರೆಸಿ, ಹಾಲು ನೆಕ್ಕಿಸಿ, ಹಳೆಯ ಸ್ವೆಟರಿನಲ್ಲಿ ಸುತ್ತಿಟ್ಟೆವು. ಮಳೆ ನಿಂತ ಮೇಲೆ ಬಿಡೋಣ ಅಂದೆ. ಮಳೆ ನಿಂತಿತು. ಕಣ್ಣು ವಾಸಿಯಾದ ಮೇಲೆ ಬಿಡೋಣ ಅಂದೆ. ಕಣ್ಣೂ ವಾಸಿಯಾಯಿತು. ಅಷ್ಟರಲ್ಲಿ ಅದಕ್ಕೆ ಹೆಸರು ಬಂದಿತ್ತು, ಟೋಬಿ.

ಆ ಹೆಸರು ಎಲ್ಲಿಯದು ಅಂತ ನಿಮ್ಮಲ್ಲಿ ಕೆಲವರಿಗೆ ಹೊಳೆದಿರಬಹುದು. 1934ರ ಫೆಬ್ರವರಿಯಲ್ಲಿ ದಾದರ್‌ನ ರಾಜಗೃಹದಲ್ಲಿ ತೆಗೆದ ಒಂದು ಫೋಟೋ ಇದೆ. ಯಶವಂತ, ಬಾಬಾಸಾಹೇಬರು, ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಅವರೊಂದಿಗೆ ಬಾಬಾಸಾಹೇಬರ ಮೆಚ್ಚಿನ ನಾಯಿ ಟೋಬಿ. ಮಗಳು ಆ ಫೋಟೋ ನೋಡಿ ನಾಯಿಯ ಹೆಸರು ಕೇಳಿದ್ದಳು, ನಾನೇ ಹೇಳಿದ್ದೆ.

ಆ ಫೋಟೋ ನೋಡಿದಾಗಲೆಲ್ಲ ನನಗೆ ಇನ್ನೊಂದು ದಿನ ನೆನಪಾಗುತ್ತದೆ. 1931ರ ಆಗಸ್ಟ್ 14ರಂದು ಮುಂಬಯಿಯ ಮಣಿಭವನದಲ್ಲಿ ಬಾಬಾಸಾಹೇಬರು ಗಾಂಧೀಜಿಯನ್ನು ಭೇಟಿಯಾದರು. ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನಾಡನ್ನು ನನ್ನದು ಅಂತ ಹೇಗೆ ಅನ್ನಲಿ ಎಂಬರ್ಥದ ಮಾತು ಆಡಿದ್ದು ಅಂದೇ. ಅದಾಗಿ ಮೂರು ವರ್ಷವೂ ತುಂಬದ ಹೊತ್ತಿಗೆ ತೆಗೆದ ಫೋಟೋದಲ್ಲಿ ನಾಯಿ ಅವರ ಮನೆಯ ಮಂದಿಯ ನಡುವೆ ಇದೆ. ನಾಯಿಗೆ ಸಿಕ್ಕ ಜಾಗ ತಮ್ಮ ಜನಕ್ಕೆ ಸಿಗಲಿಲ್ಲ ಎಂಬ ಸಿಟ್ಟು ಅವರಲ್ಲಿತ್ತು. ಆ ಸಿಟ್ಟನ್ನು ಅವರು ನಾಯಿಯ ಮೇಲೆ ಹಾಕಲಿಲ್ಲ.

ನಮ್ಮ ಟೋಬಿಯ ವಿಷಯಕ್ಕೆ ಬರುತ್ತೇನೆ. ಮುಚ್ಚಿಡುವುದು ಒಂದು ಕೆಲಸ. ದಿನಾ ಮಾಡಬೇಕು. ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಮರಳು ಹಾಕಿಟ್ಟಿದ್ದೆವು. ಅದನ್ನು ರಾತ್ರಿ ಹತ್ತರ ಮೇಲೆ ಕವರಿನಲ್ಲಿ ಕಟ್ಟಿ ಒಯ್ಯಬೇಕು. ಮಾಲೀಕರು ಬೆಳಿಗ್ಗೆ ಟ್ಯಾಂಕು ನೋಡಲು ಮಾಳಿಗೆಗೆ ಹೋಗುತ್ತಾರೆ, ಮೆಟ್ಟಿಲ ಸಪ್ಪಳ ಕೇಳಿದ ಕೂಡಲೇ ಟೋಬಿಯನ್ನು ಒಳಗಿನ ಖೋಲಿಗೆ ತಳ್ಳಿ ಕದ ಹಾಕಬೇಕು. ಕೂಗಿದರೆ ಟಿ.ವಿ. ಸಪ್ಪಳ ಏರಿಸಬೇಕು. ಹಾಲು ಯಾಕೆ ಹೆಚ್ಚು ತಗೊಂತೀರಿ ಅಂತ ಕೆಳಗಿನ ಅಜ್ಜಿ ಒಂದು ಸಲ ಸುಮ್ಮನೆ ಕೇಳಿದರು. "ಹುಡುಗಿ ಬೆಳೆಯಾಕತ್ತಾಳಲ್ರೀ" ಅಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು. ಮಗಳು ಪಕ್ಕದಲ್ಲೇ ನಿಂತಿದ್ದಳು. ಪಂಚಶೀಲದಲ್ಲಿ ನಾಲ್ಕನೆಯದು ಯಾವುದು ಅಂತ ಅವಳಿಗೆ ಕಲಿಸಿದವಳು ನಾನು.

ನನ್ನ ಮನಸ್ಸಿಗೆ ನಾನು ಹೇಳಿಕೊಂಡ ಸಮಾಧಾನವನ್ನೂ ಹೇಳಿಬಿಡುತ್ತೇನೆ. ಮನೆ ಕೊಡುವವರು ನಮಗೆ ಏನೆಲ್ಲ ಮಾಡುತ್ತಾರೆ, ಅವರಿಗೆ ಒಂದು ಬೆಕ್ಕಿನ ಮರಿಯ ವಿಷಯ ಹೇಳುವ ಋಣ ನನಗೇನಿದೆ ಅಂತ ಅಂದುಕೊಳ್ಳುತ್ತಿದ್ದೆ. ಅದು ಬಹಳ ದಿನ ಕೆಲಸ ಮಾಡಿತು.

ಮಾರ್ಚ್ ಕೊನೆ. ನಮ್ಮ ರಾಯಚೂರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಮಾಲೀಕರು ಪ್ಲಂಬರನ್ನು ಕರೆದುಕೊಂಡು ಬಂದರು, ಟ್ಯಾಂಕಿನ ಪೈಪು ಸೋರುತ್ತಿತ್ತು. ಕೆಲಸ ಮುಗಿಯುವ ತನಕ ನಮ್ಮ ಹಾಲಿನಲ್ಲೇ ಕುಳಿತರು. ಟೋಬಿ ಒಳಗೆ. ಕೂಗು ಹೊರಗೆ ಹೋಗದಿರಲಿ ಅಂತ ಕಿಟಕಿಯನ್ನೂ ಹಾಕಿದ್ದೆವು. ನಡುವೆ ಕರೆಂಟು ಹೋಯಿತು. ಒಂದೂವರೆ ತಾಸು. ನಾನು ಚಹಾ ಮಾಡಿಕೊಟ್ಟೆ, ಮಗಳ ಪರೀಕ್ಷೆಯ ಮಾತಾಡಿದೆ, ನಗುತ್ತಿದ್ದೆ. ಅವರು ಹೋದ ಮೇಲೆ ಕದ ತೆಗೆದರೆ ಟೋಬಿ ಮೇಜಿನ ಕೆಳಗೆ ಬಿದ್ದುಕೊಂಡು ನಾಯಿಯ ಹಾಗೆ ಬಾಯಿ ತೆರೆದು ತೇಕುತ್ತಿತ್ತು. ಬೆಕ್ಕು ಹಾಗೆ ತೇಕುವುದನ್ನು ನಾನು ಎಂದೂ ನೋಡಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ನೀರು ಕುಡಿಸಿ, ಅರ್ಧ ತಾಸಿನ ಮೇಲೆ ಅದು ಎದ್ದು ನಿಂತಿತು.

ಮಗಳು ಅಳುತ್ತಿದ್ದಳು. ಗೋಡೆಯ ಮೇಲಿನ ಫೋಟೋ ನೋಡಿ ಅಂದಳು: "ಮಮ್ಮೀ, ನಾವು ಮುಚ್ಚಿಡೋರನ್ನೆಲ್ಲಾ ಈ ಖೋಲಿಯೊಳಗ ಇಡ್ತೀವಲ್ಲಾ. ಬಾಬಾಸಾಹೇಬರನ್ನೂ ಇಲ್ಲೇ ಇಟ್ಟೀವಿ, ಟೋಬಿನೂ ಇಲ್ಲೇ. ಎರಡೂ ಒಂದೇನಾ?"

ನನಗೆ ಉತ್ತರ ಬರಲಿಲ್ಲ. ಆ ಭಾನುವಾರ ಬಳಗದ ಓದು ಮುಗಿದ ಮೇಲೆ ಇಬ್ಬರ ಮುಂದೆ ಮೆಲ್ಲಗೆ ವಿಷಯ ಎತ್ತಿದೆ. ಹಿರಿಯಣ್ಣ ಒಬ್ಬರು, "ತಂಗೀ, ಬಾಬಾಸಾಹೇಬರೇ ಬರೋಡಾದಾಗ ಹೆಸರು ಮುಚ್ಚಿಟ್ಟು ಇರಬೇಕಾತು. ನೀ ಬೆಕ್ಕು ಮುಚ್ಚಿಟ್ರ ಏನಾತು?" ಅಂದರು. ಇನ್ನೊಬ್ಬ ತಮ್ಮ ಫೋನಿನಲ್ಲಿ ಹುಡುಕಿ, ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿ ನಿಷೇಧಿಸುವ ಹಾಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದ್ದನ್ನು ತೋರಿಸಿದ. ನಮ್ಮದು ಸಂಘದ ನಿಯಮವಲ್ಲ, ಒಬ್ಬರು ತಾವು ಇರುವ ಮನೆಯ ಮೇಲಂತಸ್ತನ್ನು ಕೊಡುವಾಗ ಕೇಳಿಕೊಂಡ ಮಾತು, ನಾನು ಸಹಿ ಮಾಡಿ ಒಪ್ಪಿದ ಮಾತು. ಅದು ಆ ಸುತ್ತೋಲೆಯಿಂದ ಬಗೆಹರಿಯುವಂಥದ್ದಲ್ಲ ಅನ್ನಿಸಿತು.

ಹಿರಿಯಣ್ಣನ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಮನೆಗೆ ಬಂದು 'ವೇಟಿಂಗ್ ಫಾರ್ ಎ ವೀಸಾ'ದ ಬರೋಡಾದ ಭಾಗವನ್ನು ಮತ್ತೆ ಓದಿದೆ.

ಸಂಗತಿ ನಿಮಗೆಲ್ಲ ಗೊತ್ತು. 1917. ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರು ವಿದ್ಯಾರ್ಥಿವೇತನದ ಕರಾರಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಉಳಿಯಲು ಜಾಗವಿಲ್ಲ. ಪಾರ್ಸಿಗಳಿಗೆ ಮಾತ್ರ ಮೀಸಲಾದ ಒಂದು ವಸತಿಗೃಹ ಸಿಕ್ಕಿತು. ಅಲ್ಲಿಯ ಉಸ್ತುವಾರಿಯವನೊಂದಿಗೆ ಮಾತಾಗಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹಾಳು ಬಿದ್ದ ಕಟ್ಟಡ, ಸಾಮಾನು ಸರಂಜಾಮು ತುಂಬಿದ ಕತ್ತಲೆ ಹಾಲು, ಅದರಲ್ಲಿ ಬಾವಲಿಗಳು ಮನೆ ಮಾಡಿಕೊಂಡಿದ್ದವು. ಅವುಗಳ ಹಾರಾಟದ ನಡುವೆ ಅವರು ಒಬ್ಬರೇ ಕುಳಿತು ಓದುತ್ತಿದ್ದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಮಂದಿ ಪಾರ್ಸಿಗಳು ಬಡಿಗೆ ಹಿಡಿದುಕೊಂಡು ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕು ಅಂದರು. ಇಬ್ಬರು ಸ್ನೇಹಿತರ ಕದ ತಟ್ಟಿದರು, ಇಬ್ಬರೂ ಒಂದೊಂದು ಕಾರಣ ಹೇಳಿದರು. ಕೊನೆಗೆ ಉದ್ಯಾನದಲ್ಲಿ ಕುಳಿತು, ರಾತ್ರಿಯ ರೈಲು ಹಿಡಿದು ಮುಂಬಯಿಗೆ ಹೋದರು.

ಈ ಸಲ ಓದುವಾಗ ನನಗೆ ಬಾವಲಿಗಳು ಕಂಡವು. ಆ ಮನೆಯಲ್ಲಿ ಬಾವಲಿಗಳಿಗೆ ಜಾಗವಿತ್ತು. ಅವುಗಳ ಮೇಲೆ ಯಾರೂ ಬಡಿಗೆ ಹಿಡಿದು ಬರಲಿಲ್ಲ. ಜಾಗವಿಲ್ಲದ್ದು ಎರಡು ಖಂಡಗಳಲ್ಲಿ ಓದಿ ಬಂದ ಮನುಷ್ಯನಿಗೆ.

ಹಾಗಾದರೆ ಬಾಬಾಸಾಹೇಬರು ಮುಚ್ಚಿಟ್ಟದ್ದು ತಪ್ಪೇ? ನನ್ನ ತಿಳುವಳಿಕೆಯಲ್ಲಿ ತಪ್ಪು ಆ ಪ್ರಶ್ನೆಯನ್ನು ಹುಟ್ಟಿಸಿದವರದ್ದು. ನೀನು ಏನು ಮಾಡುತ್ತೀ ಅಂತ ಅವರು ಕೇಳುತ್ತಿರಲಿಲ್ಲ, ನೀನು ಯಾರು ಅಂತ ಕೇಳುತ್ತಿದ್ದರು. ಒಬ್ಬ ಮನುಷ್ಯ ಏನು ಮಾಡಿಯೂ ಆ ಷರತ್ತನ್ನು ಪೂರೈಸಲಾರ, ಮತ್ತೊಮ್ಮೆ ಬೇರೆ ಹೊಟ್ಟೆಯಲ್ಲಿ ಹುಟ್ಟಿ ಬರಬೇಕು ಅಷ್ಟೆ. ಅಂಥ ಪ್ರಶ್ನೆಗೆ ಉತ್ತರ ಕೊಡುವ ಋಣ ಯಾರಿಗೂ ಇಲ್ಲ. ಆದರೂ ನೋಡಿ, ಬಾಬಾಸಾಹೇಬರು ಅದನ್ನು ಜಾಣತನ ಅಂತ ಹೇಳಿಕೊಳ್ಳಲಿಲ್ಲ. ಬೇರೆ ಹೆಸರಿನಲ್ಲಿ ಉಳಿದೆ ಎಂಬುದನ್ನು ತಾವೇ ಬರೆದು ಜಗತ್ತಿನ ಮುಂದೆ ಇಟ್ಟರು.

ಮಾಲೀಕರ ಐದನೆಯ ಷರತ್ತು ಆ ಜಾತಿಯದ್ದೇ? ಅದನ್ನು ಅಳೆಯಲು ನಾನು ಎರಡು ಪ್ರಶ್ನೆ ಹಾಕಿಕೊಂಡೆ. ಒಂದು, ಈ ಷರತ್ತನ್ನು ನಾನು ನಾನಾಗಿಯೇ ಉಳಿದು ಪಾಲಿಸಬಹುದೇ? ಪಾಲಿಸಬಹುದು. ಬೆಕ್ಕು ಸಾಕದೆ ಇರುವುದರಿಂದ ನನ್ನ ಮನುಷ್ಯತ್ವಕ್ಕೆ ಏನೂ ಕೊರತೆಯಾಗದು. ಎರಡು, ಷರತ್ತು ಹಾಕಿದವರು ಅದರ ಕಾರಣವನ್ನು ನನ್ನ ಮುಖ ನೋಡಿ ಹೇಳಬಲ್ಲರೇ? ಆ ಐದು ಮನೆಯವರು ಹೇಳಲಾರರು, ಅದಕ್ಕೇ ಅಳಿಯನನ್ನೂ ಸುಣ್ಣ ಬಣ್ಣವನ್ನೂ ಕರೆತಂದರು. ಕಾನೂನೂ ಅವರ ಕಡೆ ಇಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆಗೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಈ ಮಾಲೀಕರು ಬೆಕ್ಕಿನ ವಿಷಯದಲ್ಲಿ ಕಾರಣ ಹೇಳಬಲ್ಲರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಯಾಕೆಂದರೆ ನಾನು ಕೇಳಿಯೇ ಇರಲಿಲ್ಲ.

ಆಗ ನನ್ನ ತಪ್ಪು ನನಗೆ ಕಂಡಿತು. ಐದು ಮನೆಯವರು ಮಾಡಿದ ಅವಮಾನದ ಲೆಕ್ಕವನ್ನು ನಾನು ಆರನೆಯವರ ಹತ್ತಿರ ವಸೂಲಿ ಮಾಡುತ್ತಿದ್ದೆ. ಅವರು ಆ ಪ್ರಶ್ನೆ ಕೇಳಿದವರೇ ಅಲ್ಲ. ಒಬ್ಬರ ತಪ್ಪಿಗೆ ಅವರಂತೆ ಕಾಣುವ ಇನ್ನೊಬ್ಬರನ್ನು ಹಿಡಿಯುವುದು ನಮಗೆ ಮಾಡಿದ ಕೆಲಸ, ನಾವು ಕಲಿಯಬೇಕಾದ ಕೆಲಸವಲ್ಲ.

ಆದರೆ ಹದಿಮೂರನೆಯ ಪ್ರತಿಜ್ಞೆ ಇದೆಯಲ್ಲ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವುಗಳನ್ನು ಕಾಪಾಡುವುದು. ಹದಿನೈದನೆಯದು ಸುಳ್ಳು ಹೇಳದಿರುವುದು. ದೀಕ್ಷೆಯ ದಿನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೇನೆ. ಆರು ತಿಂಗಳು ನಾನು ಹದಿಮೂರನ್ನು ಉಳಿಸಲು ಹದಿನೈದನ್ನು ಬಿಟ್ಟೆ ಅಂದುಕೊಂಡಿದ್ದೆ. ಆ ಮಧ್ಯಾಹ್ನ ಕದ ತೆಗೆದಾಗ ಹದಿಮೂರೂ ಉಳಿದಿರಲಿಲ್ಲ. ನನ್ನ ಸುಳ್ಳನ್ನು ಕಾಯಲು ಟೋಬಿಗೆ ಗಾಳಿ ತಪ್ಪಿಸಿದ್ದೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಲಕ ಸಿದ್ಧಾರ್ಥನ ಪ್ರಸಂಗ ಹೇಳುತ್ತಾರೆ. ದೇವದತ್ತನ ಬಾಣ ತಾಗಿ ಬಿದ್ದ ಹಕ್ಕಿಯನ್ನು ಸಿದ್ಧಾರ್ಥ ಎತ್ತಿಕೊಂಡ. ಬಾಣ ತೆಗೆದ, ಗಾಯ ಕಟ್ಟಿದ, ನೀರು ಕುಡಿಸಿದ, ತನ್ನ ಮೇಲುವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದು ಬೆಚ್ಚಗೆ ಮಾಡಿದ. ಇಲ್ಲಿಯ ತನಕ ನಾವು ಮಕ್ಕಳಿಗೆ ಹೇಳುತ್ತೇವೆ, ಚಿತ್ರ ಬರೆಸುತ್ತೇವೆ. ಮುಂದಿನ ಭಾಗವನ್ನು ನಾನು ಶಾಲೆಯಲ್ಲಿ ಅವಸರದಲ್ಲಿ ದಾಟಿಸಿಬಿಡುತ್ತಿದ್ದೆ. ದೇವದತ್ತ ಬಂದು ಹಕ್ಕಿ ನೋಡಿದೆಯಾ ಅಂತ ಕೇಳಿದಾಗ ಸಿದ್ಧಾರ್ಥ ಹೌದು ಅಂದ, ತೆಗೆದು ತೋರಿಸಿದ. ಕೊಡುವುದಿಲ್ಲ ಅಂತಲೂ ಹೇಳಿದ. ಇಬ್ಬರೂ ಒಪ್ಪಿ ಮಧ್ಯಸ್ಥರ ಮುಂದೆ ಹೋದರು, ತೀರ್ಪು ಸಿದ್ಧಾರ್ಥನ ಕಡೆ ಆಯಿತು. ಅವನು ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿದ್ದು ಬೆಚ್ಚಗಿರಲಿ ಅಂತ. ನಾವೂ ಮೊದಲ ರಾತ್ರಿ ಸ್ವೆಟರಿನಲ್ಲಿ ಸುತ್ತಿದ್ದು ಅದಕ್ಕೇ. ಎರಡನೆಯ ದಿನದಿಂದ ಸುತ್ತಿದ್ದು ಯಾರಿಗೂ ಕಾಣದಿರಲಿ ಅಂತ.

ಏಪ್ರಿಲ್ ಮೊದಲ ವಾರ ಬಾಡಿಗೆ ಕೊಡಲು ನಾನೇ ಕೆಳಗೆ ಹೋದೆ. ಮಗಳೂ ಬರುತ್ತೇನೆ ಅಂದಳು, ಕರೆದುಕೊಂಡು ಹೋದೆ.

"ಅಣ್ಣಾ, ನಿಮಗೊಂದು ಮಾತು ಹೇಳೋದಿತ್ತು. ಅಕ್ಟೋಬರ್‌ದಿಂದ ನಮ್ಮ ಮನ್ಯಾಗ ಒಂದು ಬೆಕ್ಕಿನ ಮರಿ ಸಾಕೀವಿ. ಅಗ್ರಿಮೆಂಟ್‌ನಾಗ ಬ್ಯಾಡ ಅಂತ ಇತ್ತು. ಓದೇ ಸಹಿ ಮಾಡಿದ್ವಿ. ತಪ್ಪಾಗೈತಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಒಳಗಿನ ಕಡೆ ನೋಡಿ ದನಿ ತಗ್ಗಿಸಿ ಹೇಳಿದರು: "ನಮ್ಮವ್ವಗ ಉಬ್ಬಸ ಐತಿ ಟೀಚರ್ರೇ. ಬೆಕ್ಕಿನ ಕೂದಲಾ ಆಗಿಬರೋದಿಲ್ಲ ಅಂತ ಡಾಕ್ಟ್ರು ಹೇಳ್ಯಾರ. ಅದಕ್ಕ ಬರೆಸಿದ್ದು. ಯಾಕಂತ ಕೇಳಿದ್ರ ಅವತ್ತೇ ಹೇಳ್ತಿದ್ದೆ."

ಅಜ್ಜಿ ಕಟ್ಟೆಯ ಮೇಲೆ ಕುಳಿತು ಪಂಪು ಬಾಯಿಗಿಟ್ಟುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನಮ್ಮ ಮಗಳು ಟೋಬಿಯನ್ನು ಮುದ್ದು ಮಾಡಿ, ಅದೇ ಬಟ್ಟೆಯಲ್ಲಿ ಕೆಳಗೆ ಓಡಿ, ಅಜ್ಜಿಯ ತೊಡೆಗೆ ಒರಗಿ ಕೂರುತ್ತಿದ್ದಳು. ಬೆಕ್ಕು ಬರದಿದ್ದರೂ ಅದರ ಕೂದಲು ಹೊಟ್ಟು ಬಟ್ಟೆಗೆ ಅಂಟಿ ಬರುತ್ತದೆ. ಡಿಸೆಂಬರ್‌ನಲ್ಲಿ ಅಜ್ಜಿಯನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗುವುದು ಇದ್ದದ್ದೇ. ಅದು ನಮ್ಮ ಬೆಕ್ಕಿನಿಂದ ಆಯಿತು ಅಂತ ನಾನು ಹೇಳಲಾರೆ. ಆಗಲಿಲ್ಲ ಅಂತಲೂ ಹೇಳಲಾರೆ. ಬೀದಿಯ ಒಂದು ಜೀವ ಉಳಿಸಿದೆವು ಅಂತ ಹೆಮ್ಮೆ ಪಡುವಾಗ ಕೆಳಗೆ ಇನ್ನೊಂದು ಜೀವ ಉಸಿರಾಡುತ್ತಿದೆ ಎಂಬುದು ನನ್ನ ಕರುಣೆಯ ಲೆಕ್ಕದಲ್ಲೇ ಇರಲಿಲ್ಲ. ಬಾಬಾಸಾಹೇಬರು ಮೈತ್ರಿಯನ್ನು ಕರುಣೆಗಿಂತ ದೊಡ್ಡದು ಅನ್ನುತ್ತಾರೆ, ಅದು ಮನುಷ್ಯರನ್ನು ದಾಟಿ ಎಲ್ಲ ಜೀವಗಳಿಗೂ ಚಾಚುತ್ತದೆ ಅಂತ. ನಾನು ಒಂದು ಜೀವದ ಮೇಲಿನ ನನ್ನ ಪ್ರೀತಿಯನ್ನೇ ಮೈತ್ರಿ ಅಂದುಕೊಂಡಿದ್ದೆ.

ತಿಂಗಳ ಕೊನೆಯ ತನಕ ಸಮಯ ಕೊಟ್ಟರು. ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟರೆ ಬದುಕಿಕೊಳ್ಳುತ್ತದೆ ಅಂತ ಕೆಲವರು ಹೇಳಿದರು. ಮನೆಯಲ್ಲಿ ಬೆಳೆದ ಬೆಕ್ಕು ಅದು, ನಾಯಿ ನೋಡಿದರೆ ಓಡಲೂ ಬಾರದು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಹಾಗೆ ಬಿಟ್ಟುಬಿಡುವುದು 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಮಸರಕಲ್‌ಗೆ ಫೋನ್ ಮಾಡಿದೆ. ಅವ್ವ ಹೇಳಿದಳು, "ಜ್ವಾಳದ ಚೀಲ ಎಲ್ಲಾ ಇಲಿ ಕಡದು ಹಾಕ್ಯಾವ. ಕಳಸಿಕೊಡು. ಆದ್ರ ಕಟ್ಟಿ ಹಾಕಂಗಿಲ್ಲ ನೋಡು, ಅದರ ಪಾಡಿಗೆ ಅದು ಇರತೈತಿ." ಪಶು ಆಸ್ಪತ್ರೆಯಲ್ಲಿ ರೇಬೀಸ್ ಸೂಜಿ ಹಾಕಿಸಿ, ಬಿದಿರಿನ ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ದೆವು. ನಮ್ಮ ಮನೆಯವರು ತಾವೇ ಕಂಡಕ್ಟರ್ ಆದರೂ ಬುಟ್ಟಿಗೆ ಟಿಕೆಟ್ ತೆಗೆಸಿದರು. ಮೇಲೆ ಬಟ್ಟೆ ಮುಚ್ಚಲು ಹೋದೆ, ಮಗಳು ತೆಗೆದುಹಾಕಿದಳು.

ಮೂರು ದಿನ ಟೋಬಿ ಏನೂ ತಿನ್ನಲಿಲ್ಲವಂತೆ. ನಾಲ್ಕನೆಯ ದಿನ ಒಲೆಯ ಹತ್ತಿರ ಬಂದು ಕುಳಿತಿತಂತೆ. ಈಗ ರಾತ್ರಿ ಎಲ್ಲಿ ಹೋಗುತ್ತದೋ, ಬೆಳಿಗ್ಗೆ ಅವ್ವನ ಕಾಲಿಗೆ ಉಜ್ಜುತ್ತದೆ. ಮಗಳು ನನ್ನೊಂದಿಗೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. "ಸುಳ್ಳು ಹೇಳಿದ್ದು ನಾವು, ಊರು ಬಿಟ್ಟಿದ್ದು ಟೋಬಿ" ಅಂದಳು. ಅದು ನಿಜ. ನಾನು ಸತ್ಯ ಹೇಳಿದ್ದಕ್ಕೆ ನಾನು ಕೊಟ್ಟದ್ದು ಕಡಿಮೆ. ಕೊಟ್ಟದ್ದು ಅವಳು ಮತ್ತು ಬೆಕ್ಕು. ಅಕ್ಟೋಬರ್‌ನ ಆ ರಾತ್ರಿಯೇ, ಮರಿಯನ್ನು ಒರೆಸಿ ಹಾಲು ಕುಡಿಸಿದ ಮೇಲೆ, ಹದಿನಾರು ಮೆಟ್ಟಿಲು ಇಳಿದು ಹೇಳಿದ್ದರೆ ಅವಳಿಗೆ ಇಷ್ಟು ನೋವಿರುತ್ತಿರಲಿಲ್ಲ. ಅವ್ವನ ಮನೆಯಲ್ಲಿ ಅಂದೂ ಇಲಿಗಳಿದ್ದವು.

ಅವಳ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟು. ಎರಡೂ ಒಂದೇ ಅಲ್ಲ. ಟೋಬಿಯನ್ನು ಮುಚ್ಚಿಟ್ಟದ್ದು ನನ್ನ ತಪ್ಪು, ಯಾಕೆಂದರೆ ನಾನು ಮಾತು ಕೊಟ್ಟಿದ್ದೆ. ಬಾಬಾಸಾಹೇಬರ ಫೋಟೋ ಮುಚ್ಚಿಟ್ಟದ್ದು ನಾನು ಯಾರಿಗೂ ಮಾಡಿದ ಮೋಸವಲ್ಲ, ಅದು ನಮ್ಮೊಳಗಿನ ಅಂಜಿಕೆ, ಆ ಅಂಜಿಕೆಯನ್ನು ಹುಟ್ಟಿಸಿದವರು ಬೇರೆ. ಅದಕ್ಕಾಗಿ ನಾನು ಮಾಲೀಕರ ಕ್ಷಮೆ ಕೇಳಬೇಕಾಗಿಲ್ಲ, ಕೇಳಲೂ ಇಲ್ಲ. ಆದರೆ ಖೋಲಿ ಒಂದೇ ಆಗಿತ್ತು, ಕದ ಹಾಕುವ ಕೈಯೂ ಒಂದೇ. ಮೊದಲ ಕದ ಹಾಕಿ ರೂಢಿಯಾದ ಕೈಗೆ ಎರಡನೆಯದು ಭಾರ ಅನ್ನಿಸಲಿಲ್ಲ.

ಏಪ್ರಿಲ್ 14ರ ಬೆಳಿಗ್ಗೆ ಫೋಟೋವನ್ನು ತಂದು ಹಾಲಿನಲ್ಲಿ, ಕದ ತೆಗೆದ ಕೂಡಲೇ ಎದುರಿಗೆ ಕಾಣುವ ಗೋಡೆಗೆ ಹಾಕಿದೆವು. ಮೊಳೆ ಹೊಡೆದವಳು ಮಗಳು.

ಈ ತಿಂಗಳು ಮಾಲೀಕರು ಬಾಡಿಗೆಗೆ ಅಂತ ಮೇಲೆ ಬಂದರು. ಫೋಟೋ ನೋಡಿದರು. ಕುಳಿತರು. ಚಹಾ ಬೇಡ ಅಂದರು. ಯಾವಾಗಲೂ ಕುಡಿಯುವವರು. ಬಿಸಿಲಿಗೋ, ಬೇರೆ ಕಾರಣಕ್ಕೋ, ನಾನು ಕೇಳಲಿಲ್ಲ. ಅಜ್ಜಿ ಮಾತ್ರ ಸಂಜೆ ಮಗಳನ್ನು ಕರೆದು ಮಾವಿನಹಣ್ಣು ಕೊಟ್ಟರು. ಮೇ 31ಕ್ಕೆ ಅಗ್ರಿಮೆಂಟ್ ಮುಗಿಯುತ್ತದೆ. ಮುಂದುವರಿಸುತ್ತಾರೋ, ಅವರ ಮನೆಗೂ ಒಬ್ಬ ಅಳಿಯ ಬರುತ್ತಾನೋ ನೋಡಬೇಕು. ಬಂದರೆ ಮತ್ತೆ ಮನೆ ಹುಡುಕುತ್ತೇವೆ. ಫೋಟೋ ಹಾಲಿನಲ್ಲೇ ಇರುತ್ತದೆ.

ಕೊನೆಗೆ ಒಂದು ಮಾತು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಅಶೋಕನ ಹೆಸರನ್ನೇ ಹೇಳಿದ ಶಾಸನ ಅಂತ ನಾವು ಹೆಮ್ಮೆ ಪಡುತ್ತೇವೆ. ಧಮ್ಮವನ್ನು ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮುಟ್ಟಬಲ್ಲರು ಅಂತ ಆ ಬಂಡೆ ಹೇಳುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಜನ ನಡೆಯಬೇಕಾದ ರೀತಿಯನ್ನೂ ಕೆತ್ತಿಸಿದ್ದಾನೆ. ಅದರಲ್ಲಿ ಜೀವಿಗಳ ಮೇಲೆ ದಯೆ ಇರಲಿ ಎಂಬ ಮಾತಿನ ಬೆನ್ನಿಗೇ ಸತ್ಯ ನುಡಿಯಬೇಕು ಎಂಬ ಮಾತು ಬರುತ್ತದೆ. ಎರಡನ್ನೂ ಒಂದೇ ಕಲ್ಲಿನಲ್ಲಿ, ಹತ್ತಿರ ಹತ್ತಿರ ಬರೆಸಿದ್ದಾನೆ. ಹದಿಮೂರು ಮತ್ತು ಹದಿನೈದರ ಹಾಗೆ.

*ಇಂದು ಯೋಚಿಸಲು:* ನಮ್ಮ ಮನೆಯ ಒಳಗಿನ ಖೋಲಿಯಲ್ಲಿ ಏನೇನಿದೆ? ಅದರಲ್ಲಿ ಅಂಜಿಕೆಯಿಂದ ಇಟ್ಟದ್ದು ಯಾವುದು, ಮಾತು ತಪ್ಪಿ ಇಟ್ಟದ್ದು ಯಾವುದು? ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೇಳಿ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.